ಬಿಷಪರ ಲಾಂಛನದಲ್ಲಿ ಹಸಿರು ಟೋಪಿ ಯಾಕೆ?

ಪ್ರಶ್ನೆ: ನಮ್ಮ ಚರ್ಚಿನ ಹಬ್ಬದ ಆಮಂತ್ರಣದಲ್ಲಿ ಬಿಷಪರ ಲಾಂಛನ ಹಾಕಿದ್ದರು. ಮೇಲೆ ಹಸಿರು ಟೋಪಿ, ಎರಡೂ ಕಡೆ ಕುಚ್ಚು, ನಡುವೆ ಗುರಾಣಿ, ಕೆಳಗೊಂದು ಧ್ಯೇಯವಾಕ್ಯ. ಇದರ ಅರ್ಥವೇನು? ಬಿಷಪರು ಬದಲಾದರೆ ಲಾಂಛನವೂ ಬದಲಾಗುವುದು ಯಾಕೆ?
– ಓದುಗರು, ಸಾಗರ

ಉತ್ತರ: ಹೊರಗಿನಿಂದ ಒಳಕ್ಕೆ ಓದಿ, ಸುಲಭವಾಗುತ್ತದೆ. ಗುರಾಣಿಯ ಹೊರಗಿನ ಟೋಪಿ, ಶಿಲುಬೆ ಹುದ್ದೆಯ ಗುರುತು. ಗುರಾಣಿಯ ಒಳಗಿರುವುದು ಆ ವ್ಯಕ್ತಿಯದು.

ಮೊದಲು ಕುಚ್ಚು ಎಣಿಸಿ. ಒಂದೊಂದು ಕಡೆ 6, ಒಟ್ಟು 12 ಇದ್ದರೆ ಬಿಷಪ್. ಹಸಿರು ಟೋಪಿಗೆ 20 ಕುಚ್ಚು, ಹಿಂದಿನ ಶಿಲುಬೆಗೆ ಎರಡು ಅಡ್ಡಪಟ್ಟಿ ಇದ್ದರೆ ಆರ್ಚ್‌ಬಿಷಪ್. ಪೋಪರ ನಂತರದ ಸ್ಥಾನದ ಕಾರ್ಡಿನಲ್ ಆದರೆ ಟೋಪಿ ಕೆಂಪು, ಕುಚ್ಚು 30. ಹಳೆಯ ಲಾಂಛನಗಳಲ್ಲಿ ಬಿಷಪರ ಕಿರೀಟ, ದಂಡ ಕೂಡ ಕಾಣುತ್ತವೆ. 1969ರಲ್ಲಿ ವ್ಯಾಟಿಕನ್ ಅವೆರಡನ್ನೂ ಲಾಂಛನದಿಂದ ತೆಗೆಸಿತು.

ಇನ್ನು ಬದಲಾಗುವ ವಿಷಯ. ನಿಮ್ಮ ಪಕ್ಕದ ಕೆಳದಿಯ ರಾಮೇಶ್ವರ ದೇವಸ್ಥಾನದ ಚಾವಣಿಯಲ್ಲಿ ಗಂಡಭೇರುಂಡ ನೋಡಿರುತ್ತೀರಿ, ಅಲ್ವಾ? ಮೈಸೂರು ಒಡೆಯರಿಗೂ ಅದೇ ಲಾಂಛನ, ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ಬಿಷಪರದ್ದು ಹಾಗಲ್ಲ. ಶಿವಮೊಗ್ಗ ಧರ್ಮಪ್ರಾಂತ್ಯ (ಬಿಷಪರ ಆಡಳಿತದ ಪ್ರದೇಶ) 1988ರಿಂದ ಇದೆ, ಆದರೆ ಲಾಂಛನ ಬಂದ ಬಿಷಪರ ಸ್ವಂತದ್ದು. ಅವರು ಬೇರೆ ಕಡೆ ಹೋದರೆ ಅದೂ ಅವರ ಜೊತೆ ಹೋಗುತ್ತದೆ. ತಮ್ಮ ಭಕ್ತಿ, ತಮ್ಮ ಸಂಘ, ಊರು ಎಲ್ಲವನ್ನೂ ಅದರಲ್ಲಿ ಸೇರಿಸಬಹುದು. ಮಲೆನಾಡಿನವರು ಬೆಟ್ಟ, ಅಡಿಕೆ ಮರ ಹಾಕಿಸಿಕೊಂಡರೂ ತಪ್ಪೇನಿಲ್ಲ.

ಪೋಪ್ ಫ್ರಾನ್ಸಿಸ್ ಅವರದ್ದನ್ನೇ ನೋಡಿ. ನೀಲಿ ಗುರಾಣಿ. ಮೇಲೆ ಸೂರ್ಯ, ಅದರೊಳಗೆ ಯೇಸುವಿನ ಹೆಸರಿನ ಮೂರು ಅಕ್ಷರ. ಅದು ಅವರು ಸೇರಿದ್ದ ಯೇಸುಸಭೆ ಎಂಬ ಗುರುಗಳ ಸಂಘದ ಗುರುತು. ಕೆಳಗಿನ ನಕ್ಷತ್ರ ಮಾತೆ ಮರಿಯಮ್ಮನದು. ಪಕ್ಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುವುದು ದ್ರಾಕ್ಷಿಯಲ್ಲ, ಜಟಾಮಾಂಸಿ ಹೂವು. ಅದು ಸಂತ ಜೋಸೆಫರಿಗೆ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಧ್ಯೇಯವಾಕ್ಯ. ಫ್ರಾನ್ಸಿಸ್ ಅವರದ್ದು 'ಮಿಸೆರಾಂದೋ ಆತ್ಕ್ವೆ ಎಲಿಜೆಂದೋ', ಅಂದರೆ 'ಕರುಣೆಯಿಂದ ನೋಡಿ ಆರಿಸಿಕೊಂಡು'. ಜನ ಹಳಿಯುತ್ತಿದ್ದ ಸುಂಕದವ ಮತ್ತಾಯನನ್ನು ಯೇಸು ಕರೆದ ಬಗ್ಗೆ ಇಂಗ್ಲೆಂಡಿನ ಹಳೆಯ ಕಾಲದ ಸನ್ಯಾಸಿ ಸಂತ ಬೀಡ ಹೇಳಿದ ಮಾತು ಅದು. 1953ರಲ್ಲಿ ಸಂತ ಮತ್ತಾಯನ ಹಬ್ಬದ ದಿನವೇ ಫ್ರಾನ್ಸಿಸ್‌ಗೆ, ಹದಿಹರೆಯದಲ್ಲಿ, ದೇವರ ಕರೆ ಬಂತೆನಿಸಿತ್ತು. ಬಿಷಪ್ ಆದಾಗ ಆರಿಸಿದ ಆ ಸಾಲನ್ನು ಪೋಪ್ ಆದ ಮೇಲೂ ಬಿಡಲಿಲ್ಲ. ಸುಮ್ನೆ ಅಂದಕ್ಕೆ ಬರೆಸುವ ಸಾಲಲ್ಲ ಇದು. ಹೀಗೇ ಬದುಕುತ್ತೇನೆ ಎಂದು ಜನರ ಮುಂದೆ ಕೊಡುವ ಮಾತು.

ಮುಂದಿನ ಹಬ್ಬಕ್ಕೆ ಫ್ಲೆಕ್ಸ್ ಮಾಡಿಸುವಾಗ ಬಿಷಪರ ಕಚೇರಿಯಿಂದಲೇ ಚಿತ್ರ ತರಿಸಿ. ಜಾಗ ಸಾಲದೆಂದು ಕುಚ್ಚು ಕತ್ತರಿಸಬೇಡಿ, ಬಣ್ಣವನ್ನೂ ಬದಲಿಸಬೇಡಿ. ಧ್ಯೇಯವಾಕ್ಯವನ್ನು ಯಾಕೆ ಆರಿಸಿಕೊಂಡರೆಂದು ಬಿಷಪರು ನಿಮ್ಮೂರಿಗೆ ಬಂದಾಗ ಅವರನ್ನೇ ಕೇಳಿ.