ಕಂಬ ಮುಗಿದಿದೆ, ಆಟ ಶುರುವಾಗಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಗಂಗಾವತಿ ಕಡೆಯ 27 ವರ್ಷದ ಯುವಕ, ‘ಮ’ ಎನ್ನೋಣ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು, ಮೂರು ವರ್ಷದಿಂದ ಒಬ್ಬನೇ ವಿಡಿಯೋ ಗೇಮ್ ಮಾಡುತ್ತಿದ್ದಾನೆ. ಆನೆಗೊಂದಿ ಕೋಟೆಯೊಳಗೆ ನಡೆಯುವ ಕಥೆ. ಸಲಹೆಗೆಂದು ನನ್ನ ಬಳಿ ಕರೆತಂದವಳು ಅವನ ಅಕ್ಕ. “ಮೂರಕ್ಕ ಮಲ್ಕೊಂತಾನ್ರಿ, ಅಪ್ಪನ ಮುಂದ ಕುಂತು ಉಣ್ಣಂಗಿಲ್ಲ.” ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಫೋನಿನಲ್ಲಿ ಅವರು ಕೇಳಿದ್ದು: “ಮೂರು ವರ್ಷ ಏನ್ ಕಡದು ಕಟ್ಟಿ ಹಾಕ್ಯಾನ್ರಿ?” ಪ್ರಶ್ನೆ ಒರಟು, ಆದರೆ ಕೇಳಬಾರದ್ದೇನಲ್ಲ.

ಮ ಲ್ಯಾಪ್‌ಟಾಪ್ ತೆರೆದು ಆಟದೊಳಗಿನ ಒಂದು ಕಲ್ಲುಕಂಬ ತೋರಿಸಿದ. ಮಳೆನೀರು ಇಳಿದ ಕಪ್ಪು ಗೆರೆ, ಬುಡದಲ್ಲಿ ದೀಪದೆಣ್ಣೆಯ ಜಿಡ್ಡು, ಯಾರೋ ಒರೆಸಿ ಹೋದ ಕುಂಕುಮ. ನಿಜಕ್ಕೂ ಚೆಂದ. ಆಡಲು ಏನಿದೆ ಎಂದೆ. ಮಂಟಪದಲ್ಲಿ ಓಡಾಡಬಹುದು, ಅಷ್ಟೇ. ಅಕ್ಕನ ಮಗ ಒಮ್ಮೆ ಆಡಿ, “ಮುಂದೇನ್ ಮಾಡ್ಬೇಕು ಮಾಮಾ?” ಅಂದಿದ್ದನಂತೆ. ಅಂದಿನಿಂದ ಮ ಯಾರ ಕೈಗೂ ಆಟ ಕೊಟ್ಟಿಲ್ಲ. ಕಂಬದ ಕೆಲಸ ಮಾತ್ರ ಹೆಚ್ಚಿದೆ.

ನನಗೆ ಗಂಟು ಕಂಡದ್ದು ಅಲ್ಲೇ. ಕಂಬವನ್ನು ನೋಡಿದವರು ಹೊಗಳುತ್ತಾರೆ, ಆಟವನ್ನು ಆಡಿದವರು ಬೇಸರಪಡಬಹುದು. ಹೊಗಳಿಕೆ ಸಿಗುವ ಕಡೆ ಅವನು ದುಡಿಯುತ್ತಿದ್ದ.

ಲೆಕ್ಕವನ್ನು ಅವನ ಬಾಯಿಂದಲೇ ಹೇಳಿಸಿದೆ. ಟೆಕ್ಸ್ಚರ್ ಅನ್ನು, ಅಂದರೆ ಕಂಬದ ಮೈಗೆ ಹೊದಿಸುವ ಚೌಕ ಚಿತ್ರವನ್ನು, ಪ್ರತಿ ಬದಿಗೆ 2048 ಪಿಕ್ಸೆಲ್‌ನಿಂದ (ಚಿತ್ರದ ಚುಕ್ಕಿ) 4096ಕ್ಕೆ ಏರಿಸಿದರೆ ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟು. ಒಂದು ಕಂಬ ಅಷ್ಟು ಚೆಂದವಾದರೆ ಪಕ್ಕದ ಗೋಡೆ ಬಡವಾಗಿ ಕಾಣುತ್ತದೆ, ಅದನ್ನೂ ತಿದ್ದಬೇಕು. ಆಮೇಲೆ ಆಟಕ್ಕಾಗಿ ಒಂದು ಬಾಗಿಲು ಆಚೀಚೆ ಆಯಿತೋ, ನೆರಳು-ಬೆಳಕನ್ನು ಮತ್ತೆ ಬೇಕ್ ಮಾಡಬೇಕು, ಅಂದರೆ ಮೊದಲೇ ಲೆಕ್ಕ ಹಾಕಿಸಿ ಚಿತ್ರದಲ್ಲಿ ಕೂರಿಸಬೇಕು. ಹಾಗಾಗಿ ಬಾಗಿಲು ಸರಿಸಲು ಮನಸ್ಸೇ ಬರುವುದಿಲ್ಲ, ಆಟ ಕೆಟ್ಟರೂ.

ಚಿತ್ರದ ಸೂಕ್ಷ್ಮತೆಗೆ ಹೆಸರಾದ 2018ರ ಗೇಮ್ ‘ರೆಡ್ ಡೆಡ್ ರಿಡೆಂಪ್ಷನ್ 2’ ಅವನ ಆದರ್ಶ. ಅದಕ್ಕೆ ಸಾವಿರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ದುಡಿದರು ಎಂಬುದು ಅವನಿಗೂ ಗೊತ್ತು. ‘ಸ್ಟಾರ್‌ಡ್ಯೂ ವ್ಯಾಲಿ’ಯ ಮಾತೆತ್ತಿದೆ: ಎರಿಕ್ ಬ್ಯಾರೋನ್ ಒಬ್ಬನೇ ನಾಲ್ಕು ವರ್ಷಕ್ಕೂ ಮೀರಿ ದುಡಿದು 2016ರಲ್ಲಿ ಬಿಟ್ಟ ಆಟ, ದೊಡ್ಡ ಪಿಕ್ಸೆಲ್‌ಗಳ ಚಿತ್ರ. “ಅವನೂ ಚಿತ್ರ ಮತ್ತ ಮತ್ತ ತಿದ್ಯಾನ್ರಿ ಮೇಡಂ,” ಎಂದ. ಹೌದು, ತಿದ್ದಿದ. ಆದರೆ ಒಬ್ಬನ ಕೈಗೆ ನಿಲುಕುವ ಚಿತ್ರ ಅದು.

ಕೊಟ್ಟ ಸಲಹೆ ಇಷ್ಟು. ಕಂಬಗಳ ಫೋಲ್ಡರ್ ಮೂರು ತಿಂಗಳು ತೆರೆಯಬಾರದು. ಬಣ್ಣವಿಲ್ಲದ ಬೂದು ಡಬ್ಬಿಗಳಲ್ಲೇ ಮೊದಲ ಹಂತವನ್ನು ಪೂರ್ತಿ ಆಡುವಂತೆ ಮಾಡಬೇಕು. ಪ್ರತಿ ಭಾನುವಾರ ಅಳಿಯನ ಕೈಗೆ ಕೊಟ್ಟು, ತಾನು ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಬೇಕು. (ಬಾಯಿ ಮುಚ್ಚುವುದೇ ಕಷ್ಟ, “ಅಲ್ಲಿ ಹೋಗೋ” ಎಂದುಬಿಟ್ಟರೆ ಹುಡುಗ ಎಲ್ಲಿ ತಡವರಿಸುತ್ತಾನೆ ಅನ್ನುವುದು ತಿಳಿಯುವುದಿಲ್ಲ.) ಆ ಆಟ ಹಿಡಿಸಿದರೆ, ಎಷ್ಟು ಚಿತ್ರ ಬೇಕು ಎಂದು ಆಗ ಲೆಕ್ಕ ಹಾಕುವುದು; ಕಲ್ಲು ಸರಳ ಬಣ್ಣದಲ್ಲಿದ್ದರೂ ನಡೆಯುತ್ತದೆ. ರಾತ್ರಿ ಹನ್ನೆರಡರ ನಂತರ ಕೆಲಸವಿಲ್ಲ.

ಡಬ್ಬಿಗಳ ಆಟ ಈಗ ಓಡುತ್ತಿದೆ. ಅಳಿಯ ಗೋಡೆ ಮೇಲಿಂದ ಬಿದ್ದು ಬಿದ್ದು ಮತ್ತೆ ಹತ್ತುತ್ತಾನಂತೆ. ಮನೆಖರ್ಚಿಗೆ ಅರೆಕಾಲಿಕ ಕೆಲಸ ಹಿಡಿಯುವ ಮಾತಿಗೆ ಮಾತ್ರ ಮ ಇನ್ನೂ ಒಪ್ಪಿಲ್ಲ. ಮುಂದಿನ ಭೇಟಿಗೆ ಅಪ್ಪನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.