ಶಬ್ದ ಅಳೆಯುವ ಯಂತ್ರವಿಲ್ಲದೆ ಕರ್ಕಶ ಸೈಲೆನ್ಸರ್ ಮೇಲೆ ಪೊಲೀಸರು ಪ್ರಕರಣ ಹಾಕಬಹುದೇ?

ನಿಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಾದರೂ ಸೈಲೆನ್ಸರ್ ಬದಲಿಸಿದ ಬೈಕುಗಳು ಓಡಾಡುತ್ತಿವೆ, ಠಾಣೆಯಲ್ಲಿ ಕೇಳಿದರೆ ‘ಶಬ್ದ ಅಳೆಯುವ ಯಂತ್ರ ನಮ್ಮಲ್ಲಿಲ್ಲ’ ಎಂದರು, ಹಾಗಾದರೆ ಕಾನೂನಿನಲ್ಲಿ ದಾರಿಯೇ ಇಲ್ಲವೇ ಎಂದು ಕೇಳಿದ್ದೀರಿ. ದಾರಿ ಇದೆ. ಇಂಥ ಹೆಚ್ಚಿನ ಪ್ರಕರಣಗಳಿಗೆ ಆ ಯಂತ್ರದ ಅಗತ್ಯವೇ ಬೀಳುವುದಿಲ್ಲ. ನಾನು ವಕೀಲನಲ್ಲ. ತಂದೆಯವರು ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ದಿನಗಳಲ್ಲಿ ಇದೇ ತೊಂದರೆ ಅನುಭವಿಸಿ, ಕಾಯ್ದೆಯನ್ನು ಓದಿ, ಠಾಣೆಗೂ ಗ್ಯಾರೇಜಿಗೂ ಅಲೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡೆಸಿಬೆಲ್ ವಿಚಾರ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ, 2005ರ ಏಪ್ರಿಲ್‌ನಿಂದ ದ್ವಿಚಕ್ರ ವಾಹನಗಳಿಗೆ 80 ಸಿ.ಸಿ.ವರೆಗೆ 75, 80ರಿಂದ 175 ಸಿ.ಸಿ.ವರೆಗೆ 77 ಮತ್ತು ಅದಕ್ಕಿಂತ ದೊಡ್ಡ ಎಂಜಿನ್‌ಗೆ 80 ಡೆಸಿಬೆಲ್ ಎಂಬ ಮಿತಿ ಇದೆ. ಆದರೆ ಇದು ವಾಹನ ತಯಾರಾಗುವ ಹಂತದ ಮಿತಿ. ಸುತ್ತ ಗೋಡೆ, ಕಟ್ಟಡ ಯಾವುದೂ ಇಲ್ಲದ ಬಯಲಿನಲ್ಲಿ, ನಿಗದಿತ ವೇಗದಲ್ಲಿ ಬಂದ ವಾಹನದ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ, ಅದು ಸಾಗುವ ಹಾದಿಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ರೊಫೋನ್ ಇಟ್ಟು ಅದನ್ನು ಅಳೆಯುತ್ತಾರೆ. ಬಸ್ಸು, ಆಟೊಗಳ ಗದ್ದಲದ ನಡುವೆ ಕೈಯಲ್ಲಿ ಮೀಟರ್ ಹಿಡಿದು ನಿಂತ ಪೊಲೀಸರಿಗೆ ಸಿಗುವ ಸಂಖ್ಯೆಯನ್ನು ಆ ಸಂಖ್ಯೆಯ ಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ. ಹೀಗಾಗಿ ಯಂತ್ರವಿಲ್ಲ ಎಂಬ ಮಾತು ನಿಜವೇ ಇರಬಹುದಾದರೂ ಅದು ನಿಮ್ಮ ದೂರಿಗೆ ಉತ್ತರವಾಗುವುದಿಲ್ಲ.

ಪೊಲೀಸರು ಹಿಡಿಯಬೇಕಾದದ್ದು ಶಬ್ದವನ್ನಲ್ಲ, ಬದಲಾದ ಸೈಲೆನ್ಸರನ್ನು. ಎಂಜಿನ್‌ನಿಂದ ಹೊರಬೀಳುವ ಅನಿಲದ ಶಬ್ದವನ್ನು ಸಾಧ್ಯವಾದಷ್ಟೂ ತಗ್ಗಿಸುವ ಸಾಧನ ಪ್ರತಿ ವಾಹನದಲ್ಲೂ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ (ಆರ್‌ಸಿ) ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ‘ಆರ್‌ಸಿಯಲ್ಲಿ ಸೈಲೆನ್ಸರ್‌ನ ಹೆಸರೇ ಇಲ್ಲವಲ್ಲ’ ಎಂದು ವಾದಿಸುವ ಸವಾರರಿದ್ದಾರೆ. ಆದರೆ ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿನ್ಯಾಸ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಆ ವಾದಕ್ಕೆ ಹೆಚ್ಚು ಬಲ ಉಳಿದಿಲ್ಲ ಎಂಬುದು ನನ್ನ ಅಭಿಪ್ರಾಯ.

ಶಿಕ್ಷೆಗೆ ಸಂಬಂಧಿಸಿದ ಸೆಕ್ಷನ್‌ಗಳು ಮೂರು. ಅನುಮತಿಯಿಲ್ಲದ ಭಾಗಗಳನ್ನು ಜೋಡಿಸಿದ ಮಾಲೀಕನಿಗೆ 182ಎ(4)ರ ಅಡಿ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನವನ್ನು ಓಡಿಸಿದವನಿಗೆ 190(2)ರ ಅಡಿ ಮೊದಲ ಸಲಕ್ಕೇ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಗೆ ಅನರ್ಹತೆ. ಸೈಲೆನ್ಸರ್ ತಪ್ಪಿಸಿ ‘ಕಟ್-ಔಟ್’ ಮೂಲಕ ಹೊಗೆ ಬಿಡುವವನಿಗೆ 194ಎಫ್ ಅಡಿ 1,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 2,000. ಇವು ಕಾಯ್ದೆಯಲ್ಲಿರುವ ಮೊತ್ತಗಳು. ಸ್ಥಳದಲ್ಲೇ ಕಟ್ಟಿಸಿಕೊಳ್ಳುವ ದಂಡವನ್ನು ಆಯಾ ರಾಜ್ಯ ಸರ್ಕಾರ ನಿಗದಿಪಡಿಸುವುದರಿಂದ, ರಸ್ತೆಯಲ್ಲಿ ಕೊಡುವ ರಸೀದಿಯಲ್ಲಿ ಬೇರೆ ಮೊತ್ತ ಕಾಣಬಹುದು.

ಸೈಲೆನ್ಸರ್ ಬದಲಾಗಿದೆ ಎಂದು ತಿಳಿಯುವುದು ಹೇಗೆ? ನಮ್ಮ ಬಡಾವಣೆಯ ಮೆಕ್ಯಾನಿಕ್ ಒಬ್ಬರು ನನಗೆ ಇದನ್ನು ಕಣ್ಣಾರೆ ತೋರಿಸಿದರು. ಬುಲೆಟ್‌ನ ಮೂಲ ಸೈಲೆನ್ಸರನ್ನೂ ಯಾರೋ ಬಿಚ್ಚಿಸಿ ಬಿಟ್ಟುಹೋಗಿದ್ದ ಅಂಗಡಿ ಸೈಲೆನ್ಸರನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ಒಂದು ತುದಿಯಿಂದ ಟಾರ್ಚ್ ಬಿಟ್ಟರು. ಮೂಲದ್ದರಲ್ಲಿ ಬೆಳಕು ಒಳಗಿನ ತಡೆಗೋಡೆಗಳಿಗೆ ಬಡಿದು ಅಲ್ಲೇ ನಿಂತಿತು. ಇನ್ನೊಂದರಲ್ಲಿ ಬೆಳಕು ಆಚೆ ತುದಿಯಿಂದ ಹಾದುಬಂದು ಸಿಮೆಂಟು ನೆಲದ ಮೇಲೆ ದುಂಡಗೆ ಬಿತ್ತು. ನಡುವೆ ಇದ್ದದ್ದು ತೂತುಗಳಿರುವ ಒಂದು ಕೊಳವೆ ಮತ್ತು ಸುಟ್ಟು ಕಪ್ಪಾದ ಗ್ಲಾಸ್ ವುಲ್ಲಿನ ಚೂರುಗಳು ಮಾತ್ರ. ಕೆಲವದರಲ್ಲಿ ತುದಿಯಲ್ಲೊಂದು ತೆಗೆದುಹಾಕಬಹುದಾದ ಬಿರಡೆ ಇರುತ್ತದೆ, ಅದಕ್ಕೆ ‘ಡಿಬಿ ಕಿಲ್ಲರ್’ ಎನ್ನುತ್ತಾರೆ. ತಪಾಸಣೆ ಕಂಡರೆ ಹಾಕಿಕೊಂಡು, ದಾಟಿದ ಮೇಲೆ ಬಿಚ್ಚುವವರಿದ್ದಾರಂತೆ. ಹೊಸ ಬಿಎಸ್-6 ಬೈಕುಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಇದೇ ಕೊಳವೆಯ ಹಾದಿಯಲ್ಲಿರುವುದರಿಂದ, ಇಡೀ ಕೊಳವೆಯನ್ನೇ ಬದಲಿಸಿದವರು ಶಬ್ದದ ಜೊತೆಗೆ ವಿಷವನ್ನೂ ಬೀದಿಗೆ ಬಿಡುತ್ತಾರೆ. ಎಮಿಷನ್ ಕೇಂದ್ರದಲ್ಲಿ ಪರೀಕ್ಷಿಸುವುದು ಹೊಗೆಯನ್ನು ಮಾತ್ರ, ಶಬ್ದವನ್ನಲ್ಲ. ಆದ್ದರಿಂದ ‘ನನ್ನ ಬಳಿ ಎಮಿಷನ್ ಸರ್ಟಿಫಿಕೇಟ್ ಇದೆ’ ಎಂಬುದು ಈ ಆರೋಪಕ್ಕೆ ಸಮಾಧಾನವಾಗಲಾರದು.

ತಪಾಸಣೆಯ ದಿನ ಪೊಲೀಸರು ಸಾಮಾನ್ಯವಾಗಿ ಕಿವಿಯನ್ನೇ ನಂಬಿ ಬೈಕ್ ನಿಲ್ಲಿಸಿ, ಸೈಲೆನ್ಸರ್‌ನ ಆಕಾರವನ್ನೂ ಕಂಪನಿಯ ಗುರುತನ್ನೂ ನೋಡಿ, ಅಲ್ಲೇ ಮೆಕ್ಯಾನಿಕ್ ಕರೆಸಿ ಬಿಚ್ಚಿಸುತ್ತಾರೆ. ಕರ್ನಾಟಕದ ಹಲವು ಊರುಗಳಲ್ಲಿ ಹೀಗೆ ಕಿತ್ತ ಸೈಲೆನ್ಸರ್‌ಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಅದರಿಂದ ಒಂದಷ್ಟು ದಿನ ಭಯ ಹುಟ್ಟುವುದು ನಿಜ. ಆದರೆ ಅದೇ ವಾರ ಅದೇ ಊರಿನ ಅಂಗಡಿಯಲ್ಲಿ ಅದೇ ಸೈಲೆನ್ಸರ್ ತೂಗುತ್ತಿರುತ್ತದೆ ಎಂಬುದು ನನ್ನನ್ನು ಹೆಚ್ಚು ನೋಯಿಸುವ ಸಂಗತಿ. ಬಿಡಿಭಾಗ ಮಾರುವವರಿಗೆ ಒಂದು ಲಕ್ಷ ರೂಪಾಯಿ ದಂಡದ 182ಎ(3) ಇದೆಯಾದರೂ, ಅದು ಕೇಂದ್ರ ಸರ್ಕಾರ ‘ಸುರಕ್ಷತೆಗೆ ಅತ್ಯಗತ್ಯ’ವೆಂದು ಅಧಿಸೂಚಿಸಿದ ಭಾಗಗಳಿಗೆ ಮಾತ್ರ ಅನ್ವಯಿಸುತ್ತದೆ. ಕರ್ಕಶ ಸೈಲೆನ್ಸರ್ ಮಾರುವವರನ್ನೂ ಅಷ್ಟೇ ಬಿಗಿಯಾಗಿ ಕಾನೂನು ಹಿಡಿಯುವವರೆಗೆ ರೋಲರ್‌ಗೆ ಕೆಲಸ ತಪ್ಪುವುದಿಲ್ಲ.

ಇನ್ನು ನೀವು ಮಾಡಬಹುದಾದದ್ದು. ಬೈಕ್ ಸದ್ದು ಮಾಡುತ್ತಿರುವ ಹೊತ್ತಿನಲ್ಲೇ 112ಕ್ಕೆ ಕರೆ ಮಾಡಬಹುದು, ಆದರೆ ಗಸ್ತು ವಾಹನ ಬರುವಷ್ಟರಲ್ಲಿ ಅದು ಹೋಗಿರುತ್ತದೆ. ನನಗೆ ಫಲ ಕೊಟ್ಟದ್ದು ಲಿಖಿತ ದೂರು. ಒಂದು ವಾರ ನೋಂದಣಿ ಸಂಖ್ಯೆ, ದಿನಾಂಕ, ಸಮಯಗಳನ್ನು ಗುರುತು ಹಾಕಿಕೊಂಡು, ಬೈಕ್ ರಸ್ತೆಬದಿಯಲ್ಲಿ ನಿಂತಿದ್ದಾಗ ನಂಬರ್ ಪ್ಲೇಟೂ ಸೈಲೆನ್ಸರೂ ಒಟ್ಟಿಗೆ ಕಾಣುವಂತೆ ಫೋಟೊ ತೆಗೆದು, 120ನೇ ನಿಯಮ ಮತ್ತು 52, 182ಎ(4), 190(2) ಸೆಕ್ಷನ್‌ಗಳನ್ನು ಹೆಸರಿಸಿ ಸಂಚಾರ ಠಾಣೆಗೆ ಕೊಟ್ಟು, ಸ್ವೀಕೃತಿ ಪಡೆದೆ. ಸವಾರನ ಜೊತೆ ನೀವೇ ಜಗಳಕ್ಕಿಳಿಯಬೇಡಿ. ನನ್ನ ದೂರಿಗೆ ಹತ್ತನೆಯ ದಿನ ಎಎಸ್ಐ ಒಬ್ಬರು ಬಂದು, ಆ ಹುಡುಗನ ಮನೆಯ ಮುಂದೆಯೇ ಬೈಕ್ ಪರಿಶೀಲಿಸಿ, ದಂಡ ಹಾಕಿ, ಅಟ್ಟದ ಮೇಲಿದ್ದ ಹಳೆಯ ಸೈಲೆನ್ಸರನ್ನು ಇಳಿಸಿ ಹಾಕಿಸಿದರು. ಅವರ ಬಳಿಯೂ ಶಬ್ದ ಅಳೆಯುವ ಯಂತ್ರ ಇರಲಿಲ್ಲ.