ಹೊರದೇಶದ ಓದು: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಬಿ.ಇ. ಕೊನೆಯ ವರ್ಷದಲ್ಲಿದ್ದೇನೆ, ಸಿಜಿಪಿಎ 8. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ.ಗೆ ಆಫರ್ ಬಂದಿದೆ, ಅದರ ರ‍್ಯಾಂಕ್ 150ರೊಳಗಿದೆ. ಜರ್ಮನಿಯಲ್ಲಿ ನನಗೆ ಸಿಗಬಹುದಾದವು 400ರ ಆಚೆ. ಮನೆಯಲ್ಲಿ ಎಲ್ಲರೂ ರ‍್ಯಾಂಕ್ ನೋಡಿ ಹೋಗು ಅನ್ನುತ್ತಾರೆ. ಸರಿಯೇ?
– ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ರೊಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಕೊಳ್ಳುವ ವ್ಯಾಪಾರಿ ತೋಟದ ಗೇಟಿನ ಮೇಲಿನ ಹೆಸರು ನೋಡಿ ದರ ಹೇಳುವುದಿಲ್ಲ. ಸ್ಯಾಂಪಲ್ ತೆಗೆದು, 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಬರುತ್ತದೆಂದು ಔಟ್‌ಟರ್ನ್ ನೋಡಿ ಹೇಳುತ್ತಾನೆ. ರ‍್ಯಾಂಕ್ ಪಟ್ಟಿ ಗೇಟಿನ ಬೋರ್ಡು. ವಿಶ್ವವಿದ್ಯಾಲಯಗಳ ಹೆಸರಾಂತ ಜಾಗತಿಕ ಪಟ್ಟಿಯಾದ ಕ್ಯೂಎಸ್ ಅನ್ನೇ ಬಿಡಿಸಿ ನೋಡಿ: 100ರಲ್ಲಿ 30 ಅಂಕ ಪ್ರಾಧ್ಯಾಪಕರ ಅಭಿಪ್ರಾಯ ಸಮೀಕ್ಷೆಗೆ, 15 ಉದ್ಯೋಗದಾತರ ಅಭಿಪ್ರಾಯಕ್ಕೆ, 20 ಸಂಶೋಧನಾ ಲೇಖನಗಳ ಉಲ್ಲೇಖಕ್ಕೆ. ಓದಿದವರಿಗೆ ಕೆಲಸ ಸಿಕ್ಕಿತೇ ಎಂಬುದಕ್ಕೆ 5. ಅಂಥದ್ದೇ ಇನ್ನೊಂದಾದ ಶಾಂಘೈ ಪಟ್ಟಿಯಲ್ಲಂತೂ 30 ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕ ಗೆದ್ದವರ ಲೆಕ್ಕಕ್ಕೇ ಹೋಗುತ್ತದೆ. ಒಂದು ವರ್ಷದ ಎಂ.ಎಸ್ಸಿ. ತರಗತಿಯಲ್ಲಿ ನಿಮ್ಮ ಜೊತೆ ಎಷ್ಟು ಜನ ಕೂರುತ್ತಾರೆ, ಪ್ರಾಜೆಕ್ಟ್‌ಗೆ ಮಾರ್ಗದರ್ಶಕರು ಸಿಗುತ್ತಾರೋ ಇಲ್ಲವೋ ಎಂಬುದು ಇವುಗಳಲ್ಲಿ ಎಲ್ಲಿಯೂ ಇಲ್ಲ.

ನೋಡಬೇಕಾದ್ದು ಕೋರ್ಸಿನ ಪಠ್ಯ ವಿವರ. ಜರ್ಮನಿಯ ಪ್ರತಿ ಕೋರ್ಸಿಗೂ ‘ಮೊಡ್ಯೂಲ್ ಹ್ಯಾಂಡ್‌ಬುಕ್’ ಎಂಬ ದೊಡ್ಡ ಪಿಡಿಎಫ್ ಇರುತ್ತದೆ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್, ಪರೀಕ್ಷೆ ಲಿಖಿತವೋ ಮೌಖಿಕವೋ, ಯಾವ ಸೆಮಿಸ್ಟರ್‌ನಲ್ಲಿ ಕಲಿಸುತ್ತಾರೆ ಎಲ್ಲವೂ ಅದರಲ್ಲಿದೆ. ಬ್ರಿಟನ್ನಿನವರು ಇದನ್ನೇ ಕೋರ್ಸಿನ ಪುಟದಲ್ಲಿ ಕೊಡುತ್ತಾರೆ. ಅಲ್ಲಿ ಐಚ್ಛಿಕ ವಿಷಯಗಳ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರತಿ ವರ್ಷ ಲಭ್ಯವಿರಬೇಕೆಂದಿಲ್ಲ’ ಎಂದಿದ್ದರೆ, ನೀವು ಆಸೆಪಟ್ಟ ವಿಷಯ ಆ ವರ್ಷ ಇರುತ್ತದೆಯೇ ಎಂದು ಇ-ಮೇಲ್ ಮಾಡಿ ಕೇಳಿ.

ಜರ್ಮನಿಗೆ ನಿಮ್ಮ ಅಂಕವನ್ನು ಅವರ ಲೆಕ್ಕಕ್ಕೆ ಇಳಿಸಿ ನೋಡಿ. ಗರಿಷ್ಠದಿಂದ ನಿಮ್ಮ ಸಿಜಿಪಿಎ ಕಳೆದು, ಗರಿಷ್ಠಕ್ಕೂ ಪಾಸಿಗೂ ಇರುವ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸಿಗೆ 4 ಎಂದಾದರೆ ನಿಮ್ಮ 8ಕ್ಕೆ 2.0 ಬರುತ್ತದೆ. ಪಾಸಿಗೆ 5 ಎಂದು ಹಿಡಿದರೆ 2.2. ಅಲ್ಲಿ 1 ಎಂದರೆ ಅತ್ಯುತ್ತಮ, ಸಂಖ್ಯೆ ಏರಿದಷ್ಟೂ ಅಂಕ ಕೆಳಗೆ. ಬಹಳಷ್ಟು ಕೋರ್ಸುಗಳು 2.5ಕ್ಕೆ ಗೆರೆ ಎಳೆಯುವುದರಿಂದ ನಿಮಗೆ ತೊಂದರೆಯಿಲ್ಲ. ಪಾಸಿನ ಕನಿಷ್ಠ ಎಷ್ಟೆಂದು ಅಂಕಪಟ್ಟಿಯಲ್ಲಾಗಲಿ ಕಾಲೇಜಿನ ಪತ್ರದಲ್ಲಾಗಲಿ ಬರೆದಿರಲಿ, ಇಲ್ಲದಿದ್ದರೆ ಅವರು ತಮಗೆ ತೋಚಿದ್ದನ್ನು ಹಿಡಿಯುತ್ತಾರೆ. ಒಳ್ಳೆಯ ಅಂಕವಿದ್ದೂ ತಿರಸ್ಕಾರವಾಗುವುದು ಬೇರೆ ಕಾರಣಕ್ಕೆ: ಗಣಿತಕ್ಕೆ ಇಷ್ಟು, ಥಿಯರಿಗೆ ಇಷ್ಟು ಕ್ರೆಡಿಟ್ ಪದವಿಯಲ್ಲೇ ಆಗಿರಬೇಕೆಂಬ ಷರತ್ತು. ಅರ್ಜಿ ಹಾಕುವ ಮೊದಲೇ ನಿಮ್ಮ ವಿಷಯಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೊಂದಿಸಿ. ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ (18,000 ರೂಪಾಯಿ) 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ಎಲ್ಲಕ್ಕಿಂತ ಮೊದಲು ಆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದು ಕೈಗೆ ಬಾರದೆ ಮುಂದಿನದು ಸಾಗದು.

ಆಮೇಲೆ ಓದು ಮುಗಿದ ಮರುದಿನದ ಲೆಕ್ಕ. ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಬ್ರಿಟನ್ನಿನ ಗ್ರಾಜುಯೇಟ್ ವೀಸಾ 2 ವರ್ಷ ಇದ್ದದ್ದು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಅಂದರೆ ಆ ಲೆಕ್ಕದಲ್ಲಿ ಎರಡೂ ಸಮ. ಆದರೆ ಜರ್ಮನ್ ಭಾಷೆ ಬಾರದೆ ಅಲ್ಲಿ ಸಣ್ಣ ಊರುಗಳ ಕಂಪನಿ ಬಾಗಿಲು ತೆರೆಯುವುದು ಕಷ್ಟ. ತರಗತಿ ಇಂಗ್ಲಿಷಿನಲ್ಲೇ ಇದ್ದರೂ ಜರ್ಮನ್ ಭಾಷೆಯನ್ನು ಬಿ1 ಮಟ್ಟದವರೆಗೆ (ದಿನಬಳಕೆಗೆ ಸಾಕಾಗುವ ಮಧ್ಯಮ ಹಂತ) ಕಲಿಯುವ ಮನಸ್ಸಿದ್ದರೆ ಜರ್ಮನಿ, ಇಲ್ಲವಾದರೆ ಬ್ರಿಟನ್. ಸಾಲ ಮಾಡಿ ಹೋಗುವುದಾದರೆ ಫೀಸಿನ ಹೊರೆ ಕಡಿಮೆಯಾದ್ದರಿಂದ ನಮ್ಮ ಓಟು ಜರ್ಮನಿಗೆ. 400ನೇ ರ‍್ಯಾಂಕ್ ಎಂದು ಮನೆಯವರು ಮೂಗು ಮುರಿದರೆ ಮುರಿಯಲಿ.


ಪ್ರಶ್ನೆ: ಮಗಳಿಗೆ ಸೆಪ್ಟೆಂಬರ್‌ಗೆ ಬ್ರಿಟನ್ನಿನಲ್ಲಿ ಸೀಟು ಸಿಕ್ಕಿದೆ, ಲಂಡನ್ ಅಲ್ಲ. ನಮ್ಮದೆಲ್ಲ ಕಾಫಿ, ಕರಿಮೆಣಸಿನ ಹಣ. ಸ್ವಲ್ಪ ನನ್ನ ಅಣ್ಣನ ಖಾತೆಯಲ್ಲಿದೆ. ಜಾಗ ಜಮ್ಮಾ (ಮನೆತನದ ವಂಶಪಾರಂಪರ್ಯ ಭೂಮಿ). ವೀಸಾಕ್ಕೆ ಏನು ತೋರಿಸಬೇಕು? ಸಾಲ ಸಿಗುತ್ತದೆಯೇ?
– ಬೆಳೆಗಾರರು, ನಾಪೋಕ್ಲು

ಉತ್ತರ: ಮೊದಲು ಮೊತ್ತ. ಲಂಡನ್ನಿನ ಹೊರಗೆ ಜೀವನ ವೆಚ್ಚಕ್ಕೆ ತಿಂಗಳಿಗೆ 1,171 ಪೌಂಡ್, 9 ತಿಂಗಳಿಗೆ 10,539 ಪೌಂಡ್. ಇದರ ಮೇಲೆ, ಸೀಟು ಖಚಿತಪಡಿಸಿ ವಿಶ್ವವಿದ್ಯಾಲಯ ಕೊಡುವ ಸಿಎಎಸ್ ಪತ್ರದಲ್ಲಿ ಕಟ್ಟಲು ಬಾಕಿ ಎಂದು ಬರೆದಿರುವ ಫೀಸು. ಈ ಪೂರ್ತಿ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ, ಒಂದು ಸಾವಿರ ರೂಪಾಯಿ ಕಡಿಮೆಯಾದರೂ ಲೆಕ್ಕ ಮತ್ತೆ ಒಂದನೇ ದಿನದಿಂದ. ಸ್ಟೇಟ್‌ಮೆಂಟಿನ ಕೊನೆಯ ದಿನಾಂಕ ವೀಸಾ ಅರ್ಜಿಗೆ 31 ದಿನದೊಳಗಿರಬೇಕು.

ಕೊಡಗಿನವರು ಎಡವುವುದು ಇಲ್ಲೇ. ಅರೇಬಿಕಾ ಕುಯ್ಲು ಜನವರಿಗೆ, ರೊಬಸ್ಟಾ ಮಾರ್ಚ್ ಹೊತ್ತಿಗೆ ಮುಗಿದು, ಏಪ್ರಿಲ್‌ಗೆ ಖಾತೆ ತುಂಬಿರುತ್ತದೆ. ವೀಸಾ ಅರ್ಜಿ ಜೂನ್, ಜುಲೈಗೆ. ಅಷ್ಟರಲ್ಲಿ ಗೊಬ್ಬರ, ಮರಗಸಿ, ಕೂಲಿ ಎಂದು ಹಣ ಇಳಿದಿರುತ್ತದೆ. ಮೇ ತಿಂಗಳಲ್ಲೇ ಬೇಕಾದ ಮೊತ್ತವನ್ನು, ಪೌಂಡ್ ದರ ಏರಿದರೂ ಸಾಕಾಗುವಂತೆ ಶೇಕಡ 5ರಷ್ಟು ಹೆಚ್ಚಿಗೆ ಸೇರಿಸಿ, ಬೇರೆ ಖಾತೆಗೆ ಹಾಕಿ. ಯಾವಾಗ ಬೇಕಾದರೂ ಮುರಿಯಬಹುದಾದ ಎಫ್‌ಡಿಯೂ ಆಗುತ್ತದೆ. ಆ ಖಾತೆಯ ಎಟಿಎಂ ಕಾರ್ಡು ಬೀರುವಿನಲ್ಲಿ ಇರಲಿ.

ಅಣ್ಣನವರ ಖಾತೆ ಇಲ್ಲಿ ನಡೆಯದು. ವಿದ್ಯಾರ್ಥಿಯದು, ತಂದೆ ತಾಯಿಯದು ಅಥವಾ ಕಾನೂನುಬದ್ಧ ಪೋಷಕರದು ಮಾತ್ರ. ಒಕ್ಕದಲ್ಲಿ (ಕೊಡವ ಮನೆತನದಲ್ಲಿ) ದೊಡ್ಡಪ್ಪ ತಂದೆಯ ಸಮಾನ ಇರಬಹುದು, ವೀಸಾ ಅಧಿಕಾರಿಗೆ ಅದು ಗೊತ್ತಿಲ್ಲ. ಅವರ ಪಾಲು 28 ದಿನ ಶುರುವಾಗುವ ಮೊದಲೇ ನಿಮ್ಮ ಖಾತೆಗೆ ಬರಲಿ. ನಿಮ್ಮ ಖಾತೆ ತೋರಿಸುವಾಗ ಮಗಳ ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಜೊತೆಗಿರಬೇಕು. ಹಣದ ಮೂಲ ಕೇಳಿದರೆ ಕೊಡಲು ಕಾಫಿ, ಮೆಣಸು ಕೊಂಡವರ ಬಿಲ್ಲು, ಆರ್‌ಟಿಸಿ, ತಹಶೀಲ್ದಾರರ ಆದಾಯ ಪತ್ರ ತೆಗೆದಿಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್ ಹಾಕದವರು ಈ ವರ್ಷದಿಂದ ಹಾಕಿ, ವಿನಾಯಿತಿ ಆದಾಯದ ಭಾಗದಲ್ಲಿ ತೋರಿಸಿ. ಸಾಲ ಕೊಡುವ ಬ್ಯಾಂಕೂ ಅದನ್ನೇ ಕೇಳುತ್ತದೆ. ವೀಸಾ ಶುಲ್ಕದ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟುವುದನ್ನೂ ಮರೆಯಬೇಡಿ. ವರ್ಷಕ್ಕೆ 776 ಪೌಂಡ್, ಆದರೆ ಒಂದು ವರ್ಷದ ಕೋರ್ಸಿನ ವೀಸಾ 16 ತಿಂಗಳು ದಾಟುವುದರಿಂದ ಒಂದೂವರೆ ವರ್ಷದ್ದು ಬೀಳುತ್ತದೆ, 1,164 ಪೌಂಡ್.

ಸಾಲದ ವಿಷಯ. ಆರ್‌ಟಿಸಿಯಲ್ಲಿ ಪಟ್ಟೇದಾರರ (ಒಕ್ಕದ ಮುಖ್ಯಸ್ಥರ) ಜೊತೆ ಒಕ್ಕದ ಇತರರ ಹೆಸರುಗಳೂ ಇದ್ದರೆ, ಬ್ಯಾಂಕಿನ ವಕೀಲರು ಎಲ್ಲರ ಒಪ್ಪಿಗೆ ಸಹಿ ಕೇಳುತ್ತಾರೆ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ ಎಂದಾದರೆ ಮೂರು ತಿಂಗಳು ಅದರಲ್ಲೇ ಹೋಗುತ್ತದೆ. ಆರ್‌ಟಿಸಿಯ 11ನೇ ಕಾಲಂನಲ್ಲಿ ಸಹಕಾರ ಸಂಘದ ಬೆಳೆ ಸಾಲ ಕೂತಿದ್ದರೆ ಅದೂ ಅಡ್ಡ. ಈ ವರ್ಷಕ್ಕೆ ಜಮ್ಮಾ ಜಾಗದ ಆಸೆ ಬಿಟ್ಟು, ಪಟ್ಟಣದಲ್ಲಿ ಮನೆ, ಸೈಟು, ಎಫ್‌ಡಿ, ಎಲ್‌ಐಸಿ ಏನಿದೆ ನೋಡಿ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಡ. ಅದಕ್ಕಿಂತ ಹೆಚ್ಚಿಗೆ ಅಡಮಾನವಿಲ್ಲದೆ ಕೊಡುವುದು ಬ್ಯಾಂಕಿನ ಸ್ವಂತ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಗೆ, ಹಾಗಾಗಿ ಸೀಟು ಖಚಿತಪಡಿಸುವ ಮೊದಲೇ ಆ ಪಟ್ಟಿ ಕೇಳಿ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ದೇಶದೊಳಗಿನ ಕಾಲೇಜುಗಳಿಗೆ ಮಾತ್ರ.


ಪ್ರಶ್ನೆ: ಪೊನ್ನಂಪೇಟೆಯಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಓದುತ್ತಿದ್ದೇನೆ. ಯುರೋಪಿನಲ್ಲಿ ಎಂ.ಎಸ್ಸಿ. ಮಾಡಲು ಎಲ್ಲಿಗೆ ಅರ್ಜಿ ಹಾಕಲಿ? ಪ್ರೊಫೆಸರ್‌ಗಳಿಗೆ ಮೊದಲೇ ಬರೆಯಬೇಕೇ?
– ವಿದ್ಯಾರ್ಥಿನಿ

ಉತ್ತರ: ನಿಮ್ಮ ವಿಷಯಕ್ಕೆ ಜರ್ಮನಿ ಹಳೆಯ ತವರು. 1864ರಲ್ಲಿ ಭಾರತದ ಅರಣ್ಯ ಇಲಾಖೆಗೆ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದ ಡೀಟ್ರಿಚ್ ಬ್ರಾಂಡಿಸ್ ಅಲ್ಲಿಯವರೇ. ಗಟಿಂಗನ್ ಮತ್ತು ಫ್ರೈಬರ್ಗ್ ಎರಡರಲ್ಲೂ ಅರಣ್ಯ ವಿಭಾಗ ಗಟ್ಟಿ. ಆದರೆ ಖರ್ಚು ಒಂದೇ ಅಲ್ಲ. ಫ್ರೈಬರ್ಗ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ವಸೂಲಿ ಮಾಡುತ್ತದೆ, ನಾಲ್ಕು ಸೆಮಿಸ್ಟರ್‌ಗೆ 6,000. ಗಟಿಂಗನ್‌ನಲ್ಲಿ ಸೆಮಿಸ್ಟರ್ ವಂತಿಗೆ ಮಾತ್ರ. ಉಷ್ಣವಲಯದ ಅರಣ್ಯವೇ ನಿಮ್ಮ ಆಸಕ್ತಿಯಾದರೆ ಅಲ್ಲಿ ಅದಕ್ಕೆಂದೇ ಇಂಗ್ಲಿಷ್ ಮಾಧ್ಯಮದ ವಿಭಾಗವಿದೆ. ಎಲ್ಲಿಗೆ ಹೋದರೂ ಬ್ಲಾಕ್ ಖಾತೆಯಲ್ಲಿ ವರ್ಷಕ್ಕೆ 11,904 ಯೂರೊ ಇಡಬೇಕು. ತಿಂಗಳಿಗೆ 992ರಂತೆ ಅದು ನಿಮ್ಮ ಕೈಗೇ ವಾಪಸು ಬರುತ್ತದೆ.

ನೆದರ್ಲೆಂಡ್ಸ್‌ನ ವಾಗನಿಂಗನ್, ಫಿನ್ಲೆಂಡಿನ ಯೋಎನ್ಸು ಊರಿನ ವಿಶ್ವವಿದ್ಯಾಲಯ ಇವೂ ಒಳ್ಳೆಯವೇ, ಫೀಸು ಮಾತ್ರ ದೊಡ್ಡದು. ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ. ಯುರೋಪಿಯನ್ ಒಕ್ಕೂಟದ ನೆರವಿನ ಎರಸ್ಮಸ್ ಮುಂಡಸ್ ಜಂಟಿ ಕೋರ್ಸುಗಳಲ್ಲಿ ವಿದ್ಯಾರ್ಥಿವೇತನ ಗೆದ್ದವರಿಗೆ ತಿಂಗಳಿಗೆ 1,400 ಯೂರೊ, ಗರಿಷ್ಠ 24 ತಿಂಗಳು. ಅರ್ಜಿಯ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್, ಜನವರಿಗೇ ಬರುತ್ತದೆ. ಕೊನೆಯ ವರ್ಷದಲ್ಲಿರುವವರೂ ಹಾಕಬಹುದಾದ ಕೋರ್ಸುಗಳೇ ಜಾಸ್ತಿ.

ತರಗತಿ ಆಧಾರಿತ ಎಂ.ಎಸ್ಸಿ.ಗೆ ಪ್ರೊಫೆಸರ್‌ಗೆ ಬರೆಯುವುದು ಬೇಡ. ಕೆನಡಾದಂಥ ಕಡೆ ಥೀಸಿಸ್ ಎಂ.ಎಸ್ಸಿ.ಗೆ ಬರೆಯಲೇಬೇಕು, ಮಾರ್ಗದರ್ಶಕರು ಒಪ್ಪದೆ ಸೀಟಿಲ್ಲ. ಆ ಪತ್ರ ಹದಿನೈದು ಸಾಲು ದಾಟದಿರಲಿ. ಅವರ ಇತ್ತೀಚಿನ ಒಂದು ಲೇಖನ ಓದಿ, ಅದರ ಯಾವ ವಿಧಾನ ನಿಮ್ಮ ಕೆಲಸಕ್ಕೆ ತಾಗುತ್ತದೆಂದು ಒಂದು ವಾಕ್ಯ ಬರೆಯಿರಿ: ದೇವರಕಾಡಿನಲ್ಲಿ ಸಸಿ ಎಣಿಸಿದ್ದರೆ ಎಷ್ಟು ಕ್ವಾಡ್ರಾಟ್ (ಎಣಿಕೆಗೆ ಗುರುತಿಸಿದ ಚೌಕ), ಎಷ್ಟು ಅಳತೆಯದು, ಏನು ಕಂಡಿತು ಎಂದು. ‘ನಿಮ್ಮ ಮಹಾನ್ ಸಂಶೋಧನೆಯಿಂದ ಪ್ರೇರಿತಳಾಗಿ’ ಎಂದು ಶುರುವಾಗುವ ಪತ್ರಗಳನ್ನು ಅವರು ತೆರೆದಷ್ಟೇ ಬೇಗ ಮುಚ್ಚುತ್ತಾರೆ.


ಪ್ರಶ್ನೆ: ಕಾಫಿಯ ಬಗ್ಗೆಯೇ ಹೊರದೇಶದಲ್ಲಿ ಓದಲು ಸಾಧ್ಯವೇ?
– ಓದುಗರು, ಸಿದ್ದಾಪುರ

ಉತ್ತರ: ಸಾಧ್ಯ. ಇಟಲಿಯ ಟ್ರಿಯೆಸ್ಟ್‌ನಲ್ಲಿ ಕಾಫಿಯ ಅರ್ಥಶಾಸ್ತ್ರ ಮತ್ತು ವಿಜ್ಞಾನಕ್ಕೆ ಮಾಸ್ಟರ್ ಕೋರ್ಸಿದೆ. ಅಮೆರಿಕದ ಯುಸಿ ಡೇವಿಸ್‌ನಲ್ಲಿ 2024ರಲ್ಲಿ ಕಾಫಿ ಕೇಂದ್ರವೇ ತೆರೆದಿದೆ. ಆದರೆ ಅಲ್ಲಿ ನೀವು ಸೇರುವುದು ಕೆಮಿಕಲ್ ಎಂಜಿನಿಯರಿಂಗ್ ಅಥವಾ ಆಹಾರ ವಿಜ್ಞಾನಕ್ಕೆ, ಸಂಶೋಧನೆಯ ವಿಷಯ ಕಾಫಿ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಕಾಫಿ ಮಂಡಳಿಯ ಗುಣಮಟ್ಟ ನಿರ್ವಹಣೆಯ ಪಿ.ಜಿ. ಡಿಪ್ಲೊಮಾ ನೋಡಿ. ತೋಟಕ್ಕೆ ವಾಪಸು ಬರುವವರಿಗೆ ಅಷ್ಟೇ ಸಾಕಾದೀತು.


ಪ್ರಶ್ನೆ: ಮಗನಿಗೆ ಎಂಬಿಬಿಎಸ್‌ಗೆ ಹೊರದೇಶದಲ್ಲಿ ಸೀಟು ಕೊಡಿಸುತ್ತೇವೆ, ಇಂಟರ್ನ್‌ಶಿಪ್ ಸೇರಿ ಐದೇ ವರ್ಷ, ಇಷ್ಟವಾಗದಿದ್ದರೆ ಎರಡನೇ ವರ್ಷ ಬೇರೆ ಕಾಲೇಜಿಗೆ ಬದಲಿಸಬಹುದು ಎನ್ನುತ್ತಾರೆ ಏಜೆಂಟರು. ನಂಬಬಹುದೇ?
– ತಾಯಿ, ಮಡಿಕೇರಿ

ಉತ್ತರ: ಬೇಡ. 2021ರ ನವೆಂಬರ್ 18ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಓದು ಕನಿಷ್ಠ 54 ತಿಂಗಳು, ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್. ಒಟ್ಟು 66 ತಿಂಗಳು. ಇಂಟರ್ನ್‌ಶಿಪ್ ಸೇರಿ ಐದು ವರ್ಷವೆಂದರೆ 60 ತಿಂಗಳಷ್ಟೇ ಆಯಿತು. ಓದು ಪೂರ್ತಿ ಒಂದೇ ಸಂಸ್ಥೆಯಲ್ಲಿ ಆಗಬೇಕಾದ್ದರಿಂದ ಕಾಲೇಜು ಬದಲಿಸುವ ಮಾತೂ ಸುಳ್ಳು. ಪಾಠ ಇಂಗ್ಲಿಷಿನಲ್ಲೇ ಇರಬೇಕು. ಆ ದೇಶದಲ್ಲಿ ಅಲ್ಲಿಯ ಪ್ರಜೆಗಳಂತೆಯೇ ವೈದ್ಯವೃತ್ತಿ ಮಾಡಲು ಅರ್ಹತೆ ಕೊಡುವ ಪದವಿಯಾಗಿರಬೇಕು. ಹೊರಗಿನವರಿಗೆಂದೇ ನಡೆಸುವ ಕೋರ್ಸುಗಳು ಇಲ್ಲಿ ಸಿಕ್ಕಿಬೀಳುತ್ತವೆ. ನೀಟ್ ಅರ್ಹತೆ ಬೇಕೇ ಬೇಕು. ವಾಪಸು ಬಂದ ಮೇಲೆ 300 ಪ್ರಶ್ನೆಗಳ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ಅಂಕ, ಆಮೇಲೆ ಇಲ್ಲಿಯೂ 12 ತಿಂಗಳು ಇಂಟರ್ನ್‌ಶಿಪ್. ಕೋರ್ಸಿನ ಅವಧಿಯನ್ನು ವರ್ಷದಲ್ಲಲ್ಲ, ತಿಂಗಳಲ್ಲಿ ಬರೆದ ಪತ್ರವನ್ನು ವಿಶ್ವವಿದ್ಯಾಲಯದಿಂದಲೇ ನೇರವಾಗಿ ತರಿಸಿಕೊಳ್ಳಿ. ಏಜೆಂಟರ ಲೆಟರ್‌ಹೆಡ್ ಬೇಡ.


ಪ್ರಶ್ನೆ: ಕನ್ಸಲ್ಟೆನ್ಸಿಯವರು ನಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಅವರಿಗೇನು ಲಾಭ?
– ಓದುಗರು, ಕುಶಾಲನಗರ

ಉತ್ತರ: ನೀವು ಸೇರಿದ ಮೇಲೆ ವಿಶ್ವವಿದ್ಯಾಲಯವೇ ಮೊದಲ ವರ್ಷದ ಫೀಸಿನಲ್ಲಿ ಒಂದು ಪಾಲನ್ನು ಅವರಿಗೆ ಕಮಿಷನ್ ಕೊಡುತ್ತದೆ. ಅದರಲ್ಲಿ ಮೋಸವಿಲ್ಲ, ಆದರೆ ಅವರ ಪಟ್ಟಿಯಲ್ಲಿ ಕಮಿಷನ್ ಕೊಡುವವರಷ್ಟೇ ಇರುತ್ತಾರೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರು ಅಲ್ಲಿ ಕೇಳದಿರಲು ಕಾರಣ ಇದೇ. ಅರ್ಜಿ ಅವರೇ ತುಂಬಲಿ, ಆದರೆ ಇ-ಮೇಲ್ ಮತ್ತು ಪಾಸ್‌ವರ್ಡ್ ನಿಮ್ಮದಿರಲಿ. ಡೆಪಾಸಿಟ್ಟನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ನೀವೇ ಕಟ್ಟಿ, ವೀಸಾ ತಿರಸ್ಕಾರವಾದರೆ ಎಷ್ಟು ವಾಪಸು ಎಂಬ ನಿಯಮವನ್ನು ಮೊದಲೇ ಮುದ್ರಿಸಿಟ್ಟುಕೊಳ್ಳಿ. ಕೆನಡಾ ಕಾಲೇಜಾದರೆ ಡಿಎಲ್‌ಐ ಸಂಖ್ಯೆ (ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿಯಿರುವ ಕಾಲೇಜಿನ ಗುರುತು) ಇದ್ದರೆ ಸಾಲದು. ಓದಿದ ಮೇಲೆ ಕೆಲಸದ ಪರ್ಮಿಟ್‌ಗೆ ಆ ಕೋರ್ಸು ಅರ್ಹವೇ ಎಂದು ಸರ್ಕಾರದ ಪಟ್ಟಿಯಲ್ಲಿ ಬೇರೆಯಾಗಿ ನೋಡಿ. ಆಸ್ಟ್ರೇಲಿಯಾಕ್ಕೆ ಕ್ರಿಕೋಸ್ (ವಿದೇಶಿ ವಿದ್ಯಾರ್ಥಿಗಳಿಗೆ ಮಾನ್ಯವಾದ ಕೋರ್ಸುಗಳ ಸರ್ಕಾರಿ ಪಟ್ಟಿ) ನೋಂದಣಿ ನೋಡಿ.


ಪ್ರಶ್ನೆ: ಜೇನುಕುರುಬ ಸಮುದಾಯದ ವಿದ್ಯಾರ್ಥಿಯೊಬ್ಬ ಎಂ.ಎ. ಮುಗಿಸಿದ್ದಾನೆ. ಹೊರದೇಶದ ಪಿಎಚ್.ಡಿ.ಗೆ ಸರ್ಕಾರದ ನೆರವು ಇದೆಯೇ?
– ಶಿಕ್ಷಕರು, ತಿತಿಮತಿ

ಉತ್ತರ: ಇದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 20 ಸ್ಥಾನ. ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಮೀಸಲು. ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿರುವುದು ಜೇನುಕುರುಬರು ಮತ್ತು ಕೊರಗರು. ಜಾತಿ ಪ್ರಮಾಣಪತ್ರದಲ್ಲಿ ‘ಕುರುಬ’ ಎಂದಷ್ಟೇ ಬರೆದುಬಿಟ್ಟರೆ ಎಲ್ಲ ಕೆಟ್ಟಂತೆ, ‘ಜೇನುಕುರುಬ’ ಎಂದು ಸ್ಪಷ್ಟವಾಗಿರುವುದನ್ನು ಈಗಲೇ ನೋಡಿಕೊಳ್ಳಿ.


ಪ್ರಶ್ನೆ: ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಹೆಸರು ಮಾತ್ರ, ಸರ್‌ನೇಮ್ ಖಾಲಿ. ತೊಂದರೆಯಾಗುತ್ತದೆಯೇ?
– ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಆಗುತ್ತದೆ. ಮನೆ ಹೆಸರು, ತಂದೆ ಹೆಸರು ಇನಿಷಿಯಲ್ ಆಗಿ ಕುಗ್ಗುವ ನಮ್ಮ ರೂಢಿ ಹೊರಗಿನವರಿಗೆ ಅರ್ಥವಾಗದು. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾ ಅರ್ಜಿಯಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಬೀಳುತ್ತದೆ. ಆಮೇಲೆ ಬ್ಯಾಂಕ್, ಲೈಸೆನ್ಸ್, ಸಂಬಳದ ಚೀಟಿ ಎಲ್ಲದರಲ್ಲೂ ಅದೇ. ಮೊದಲು ಪಾಸ್‌ಪೋರ್ಟನ್ನು ಮರುವಿತರಣೆಗೆ ಹಾಕಿ, ಇನಿಷಿಯಲ್ ಬಿಡಿಸಿ ಮನೆ ಹೆಸರನ್ನು ಸರ್‌ನೇಮ್ ಜಾಗಕ್ಕೆ ತನ್ನಿ. ಅಂಕಪಟ್ಟಿಯ ಹೆಸರೂ ಇದೂ ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಮಾಡಿಸಿ, ನಾಲ್ಕೈದು ಪ್ರತಿ ಇಟ್ಟುಕೊಳ್ಳಿ. ಐಇಎಲ್‌ಟಿಎಸ್‌ಗೆ ಹೆಸರು ನೋಂದಾಯಿಸುವುದು ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ.